ದರ್ಜಿಯ ಹಿತ್ತಲಿನ ಒದ್ದೆ

ಬೆಳಗ್ಗೆ ಹಿತ್ತಲಿಗೆ ಬಂದ ದರ್ಜಿಯ ಬರಿಗಾಲಿಗೆ ನೆಲ ತಣ್ಣಗೆ ತಾಗಿತು. ಕಾಲೆತ್ತಿ ನೋಡಿದರೆ ಅಂಗಾಲಿಗೆ ಮಣ್ಣು ಮೆತ್ತಿಕೊಂಡಿತ್ತು. ಬೇರೆ ಊರಿನಲ್ಲಾಗಿದ್ದರೆ ಕಾಲು ಉಜ್ಜಿಕೊಂಡು ಮುಂದೆ ಹೋಗುತ್ತಿದ್ದ. ಆದರೆ ಈ ಊರಿನ ಮಣ್ಣಿಗೆ ಮೆತ್ತುವ ಅಭ್ಯಾಸವಿಲ್ಲ. ಅದು ಹಾರುತ್ತದೆ, ಕಣ್ಣಿಗೆ ಬೀಳುತ್ತದೆ, ಅನ್ನ ತಿನ್ನುವಾಗ ಹಲ್ಲಿಗೆ ಸಿಗುತ್ತದೆ. ದರ್ಜಿ ಬಗ್ಗಿ ನೋಡಿದ. ಊಟದ ತಟ್ಟೆಯಷ್ಟಗಲ ನೆಲ ಒದ್ದೆಯಾಗಿತ್ತು.

ಈ ಊರಿನಲ್ಲಿ ಕಳ್ಳನೊಬ್ಬ ಹಿತ್ತಲಲ್ಲಿ ಸಿಕ್ಕರೂ ನಾಲ್ಕು ಮಾತು ಬೈದು ಬಿಟ್ಟುಬಿಡುತ್ತಾರೆ. ಹಿತ್ತಲಲ್ಲಿ ಒದ್ದೆ ನೆಲ ಸಿಕ್ಕರೆ ಬಿಡುವವರಿಲ್ಲ.

ಮಳೆ ಮುನಿಸಿಕೊಂಡು ವರ್ಷಗಳೇ ಆಗಿದ್ದವು. ಊರಿಗೆಲ್ಲ ಒಂದೇ ಟ್ಯಾಂಕು, ಅದಕ್ಕೆ ಒಂದೇ ನಲ್ಲಿ. ಹಾಗಾಗಿ ಜನ ಸೇರಿ ನೀರಿನ ಸಂಘ ಕಟ್ಟಿಕೊಂಡಿದ್ದರು. ಬಟ್ಟೆ ಒಗೆಯಲು ಒಂದೊಂದು ಬೀದಿಗೆ ಒಂದೊಂದು ವಾರ. ಪಾತ್ರೆ ತೊಳೆದ ನೀರು ಬಳ್ಳಿಗೆ, ತರಕಾರಿ ತೊಳೆದ ನೀರು ದನಕ್ಕೆ. ನಲ್ಲಿ ಬಿಡುವವನು ಊರವರೆಲ್ಲರ ಕೊಡ ತುಂಬಿದ ಮೇಲೆ ಕಟ್ಟಕಡೆಗೆ ತನ್ನ ಕೊಡ ಹಿಡಿಯಬೇಕು. ನೀರು ಯಾರ ಕೈಯಲ್ಲಿದೆಯೋ ಅವನ ಮೇಲೆ ಅನುಮಾನ ಬರಬಾರದಲ್ಲ. ಸದ್ಯ ಆ ಕೆಲಸ ಸೈಕಲ್ ಅಂಗಡಿಯವನದು. ಅವನು ಸಾಲಿನ ಕೊನೆಯಲ್ಲಿ ಖಾಲಿ ಕೊಡ ಹಿಡಿದು ನಿಂತದ್ದು ಕಂಡಾಗಲೆಲ್ಲ ದರ್ಜಿ, "ಏನಪ್ಪ ಧಣಿ, ಇನ್ನೂ ಪಾಳಿ ಬಂದಿಲ್ವಾ?" ಎಂದು ಕಿಚಾಯಿಸದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ನೆಲಕ್ಕೆ ನೀರು ಚೆಲ್ಲಬಾರದು.

ಸಂಘದ ಅಧ್ಯಕ್ಷೆ ಹಿಂದೆ ಸೂಲಗಿತ್ತಿಯಾಗಿದ್ದ ಅಜ್ಜಿ. ಊರಿನ ಅರ್ಧ ಜನ ಭೂಮಿಗೆ ಬಂದ ಕೂಡಲೇ ಮೊದಲ ಏಟು ತಿಂದದ್ದು ಅವರ ಕೈಯಿಂದ. ಆ ಭಯ ಯಾರಿಗೂ ಹೋಗಿರಲಿಲ್ಲ. ಬೋಳು ಗುಡ್ಡದ ತುಂಬ ಇಂಗುಗುಂಡಿ ತೋಡಬೇಕು, ಬಿದ್ದ ಮಳೆ ಹರಿದು ಹೋಗದೆ ಅಲ್ಲೇ ನೆಲದೊಳಗೆ ಇಳಿಯಬೇಕು ಎಂದು ಊರನ್ನೆಲ್ಲ ಗುದ್ದಲಿ ಹಿಡಿಸಿದವರೂ ಅವರೇ. ಆ ಸಭೆಯಲ್ಲಿ ದರ್ಜಿ ಎದ್ದು ನಿಂತು, "ಅಜ್ಜೀ, ಗುಂಡೀಲಿ ಇಳಿದ ನೀರು ಆಮೇಲೆ ಎಲ್ಲಿ ಸಿಗುತ್ತೆ? ವಿಳಾಸ ಕೊಟ್ಟರೆ ಹೋಗಿ ತರ್ತೀವಿ" ಎಂದಿದ್ದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಜ್ಜಿ ಮಾತ್ರ ನಗದೆ, "ಗೊತ್ತಾದಾಗ ಹೇಳ್ತೀನಿ. ಈಗ ಗುದ್ದಲಿ ಹಿಡಿ" ಎಂದಿದ್ದರು. ಅವನಿಗೆ ಗುಡ್ಡದಲ್ಲಿ ಎಲ್ಲಕ್ಕಿಂತ ಗಟ್ಟಿ ನೆಲದ ಗುಂಡಿಯೇ ಪಾಲಿಗೆ ಬಂದಿತ್ತು.

ಇಂಥ ಊರಿನಲ್ಲಿ ಮನೆ ಕಟ್ಟುವುದೆಂದರೆ ಸಂಘದ ಒಪ್ಪಿಗೆಯಿಲ್ಲದೆ ಸಾಧ್ಯವೇ ಇಲ್ಲ. ದರ್ಜಿಗೆ ಬೇಕಾಗಿದ್ದದ್ದು ಮನೆಯಲ್ಲ, ಒಂದು ಕೋಣೆ. ಅವನ ಹೊಲಿಗೆ ಮೆಷಿನ್ ಮದುವೆಯಾದಾಗಿನಿಂದಲೂ ಅಡುಗೆಮನೆಯಲ್ಲಿತ್ತು. ಅನ್ನದಲ್ಲಿ ದಾರದ ತುಂಡು ಸಿಗುತ್ತಿತ್ತು, ಗಿರಾಕಿಗಳ ಅಂಗಿಯಿಂದ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು. ಈ ವರ್ಷ ಹೆಂಡತಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: ಅಡುಗೆಮನೆಯಲ್ಲಿ ಒಂದೋ ಮೆಷಿನ್ ಇರುತ್ತದೆ, ಇಲ್ಲವೇ ನಾನಿರುತ್ತೇನೆ. ದರ್ಜಿಗೆ ಎರಡೂ ಬೇಕಾಗಿದ್ದವು. ಹಿತ್ತಲಲ್ಲಿ ಗೂಟ ಹೊಡೆದು, ಸುಣ್ಣದ ಗೆರೆ ಎಳೆದು, ಕಿಟಕಿ ಯಾವ ಕಡೆ ಇಟ್ಟರೆ ಸೂಜಿಗೆ ದಾರ ಪೋಣಿಸಲು ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಸಂಜೆ ಸಂಜೆ ನಿಂತು ನೋಡುತ್ತಿದ್ದ. ಆ ಗೆರೆ ಹಿತ್ತಲನ್ನು ಪೂರ್ತಿ ನುಂಗಿತ್ತು. ಮೂಲೆಯ ಪಾಯಿಖಾನೆಗೆ ಹೋಗಲು ಒಬ್ಬರು ಅಡ್ಡಡ್ಡಲಾಗಿ ನಡೆಯುವಷ್ಟು ದಾರಿ ಮಾತ್ರ ಉಳಿದಿತ್ತು.

ಅಜ್ಜಿ ಮಧ್ಯಾಹ್ನ ಬಂದು ನೋಡಿ ಗಾರೆ ಕಲಸಲು ನೀರು ಮಂಜೂರು ಮಾಡುವವರಿದ್ದರು. ಮನೆಯಲ್ಲಿ ನೀರು ಪೋಲಾದ ಗುರುತು ಕಂಡರೆ ಈ ವರ್ಷ ಕೋಣೆಯಿಲ್ಲ. ಒದ್ದೆ ಇದ್ದದ್ದು ಸರಿಯಾಗಿ ಕೋಣೆಯ ನಟ್ಟನಡುವೆ, ಮೆಷಿನ್ ಇಡಬೇಕೆಂದುಕೊಂಡಿದ್ದ ಜಾಗದಲ್ಲಿ.

ದರ್ಜಿ ಅಡುಗೆಮನೆಗೆ ನುಗ್ಗಿ, ನೀರು ಚೆಲ್ಲಿದೆಯಾ ಎಂದು ಹೆಂಡತಿಯನ್ನು ಕೇಳಿದ. ಅದು ಅವನ ದಿನದ ಮೊದಲ ತಪ್ಪು.

"ನೋಡ್ರೀ," ಎಂದಳು ಅವಳು, ಸೌಟು ಕೆಳಗಿಟ್ಟು, "ಅಮ್ಮನ ಮನೆ ನೆನಪಾಗಿ ಅಳು ಬಂದರೂ ಬಳ್ಳಿ ಬುಡಕ್ಕೆ ಹೋಗಿ ಅಳೋಳು ನಾನು. ನನ್ನನ್ನ ಕೇಳ್ತೀರಾ?"

ಹಾಗಾದರೆ ಇದು ಪಕ್ಕದ ಮನೆಯ ರೇಡಿಯೋ ಅಕ್ಕನ ಕೆಲಸವೇ ಎಂದು ದರ್ಜಿಗೆ ಖಾತ್ರಿಯಾಯಿತು. ಅವಳ ಬಾಯಿಗೆ ಬಿದ್ದ ಸುದ್ದಿ ಊರನ್ನು ಸುತ್ತಿ ಬರಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಾಗುತ್ತಿತ್ತು, ಅದಕ್ಕೆ ಆ ಹೆಸರು. ಅವಳಿಗೂ ಒಂದು ಬಚ್ಚಲು ಕಟ್ಟಿಸುವ ಆಸೆಯಿತ್ತು. ದರ್ಜಿಯ ಕೋಣೆ ತಪ್ಪಿದರೆ ಮುಂದಿನ ಪಾಳಿ ಅವಳದೇ. ರಾತ್ರಿ ಗೋಡೆಯಾಚೆಯಿಂದ ಒಂದು ಚೊಂಬು ನೀರು ಎರಚಿದ್ದಾಳೆ, ಅಷ್ಟೆ.

ಹೆಂಡತಿ ಒಪ್ಪಲಿಲ್ಲ. ಈ ಊರಿನಲ್ಲಿ ಹಗೆ ತೀರಿಸಿಕೊಳ್ಳಲು ಯಾರೂ ನೀರು ಖರ್ಚು ಮಾಡುವುದಿಲ್ಲ, ಬೇಕಿದ್ದರೆ ಕಲ್ಲೆಸೆಯುತ್ತಾರೆ ಎಂದಳು. ಮಾತಿನಲ್ಲಿ ಹುರುಳಿತ್ತು. ಆದರೆ ಹುರುಳಿನಿಂದ ನೆಲ ಒಣಗುವುದಿಲ್ಲವಲ್ಲ.

ದರ್ಜಿ ಒಲೆಯ ಬೂದಿ ತಂದು ಸುರಿದ. ಬೂದಿ ಕಣ್ಣೆದುರೇ ಕಪ್ಪಾಗಿ ಕುಳಿತುಕೊಂಡಿತು. ಗೋಣಿಚೀಲ ಹಾಸಿದ, ಅದೂ ತೊಯ್ದಿತು. ಕೊನೆಗೆ ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚಿಂದಿಯನ್ನೆಲ್ಲ ತಂದು ಒತ್ತಿ ಒತ್ತಿ ಇಟ್ಟ. ಆಮೇಲೆ ಎತ್ತಿ ಹಿಂಡಿದ. ಹಿಂಡಿದ್ದು ಚೊಂಬಿನ ಅರ್ಧಕ್ಕೆ ಬಂತು.

ಈಗ ಅವನ ಬಳಿ ಲೆಕ್ಕಕ್ಕಿಲ್ಲದ ಅರ್ಧ ಚೊಂಬು ನೀರಿತ್ತು. ಅದನ್ನು ಚೆಲ್ಲುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ, ಎಲ್ಲಿಂದ ಬಂತೆಂದು ಹೇಳುವ ಹಾಗಂತೂ ಇಲ್ಲವೇ ಇಲ್ಲ. ಬಳ್ಳಿಗೆ ಹಾಕಿದ. ಮತ್ತೆ ಚಿಂದಿ ಒತ್ತಿದ, ಮತ್ತೆ ಹಿಂಡಿದ, ಮತ್ತೆ ಬಳ್ಳಿಗೆ ಹಾಕಿದ. ಹುಟ್ಟಿದಾಗಿನಿಂದ ಪಾತ್ರೆ ತೊಳೆದ ನೀರನ್ನಷ್ಟೇ ಕಂಡಿದ್ದ ಆ ಬಳ್ಳಿಗೂ ಸಾಕಾಗಿಹೋಗಿ ಬುಡದಲ್ಲಿ ನೀರು ನಿಲ್ಲತೊಡಗಿತು. ಈಗ ಹಿತ್ತಲಿನಲ್ಲಿ ಎರಡು ಒದ್ದೆಗಳಾದವು. ಮೊದಲನೆಯದು ಅಷ್ಟರಲ್ಲಿ ತಟ್ಟೆ ಹೋಗಿ ಮೊರದಷ್ಟಾಗಿತ್ತು.

"ಏನಣ್ಣ, ಇದು ಕೆಳಗಿನ ಬೀದಿಯವರು ಒಗೆಯೋ ವಾರ ಅಲ್ವಾ?"

ಗೋಡೆಯ ಮೇಲೆ ರೇಡಿಯೋ ಅಕ್ಕನ ಮುಖ ಮೂಡಿತ್ತು. ದರ್ಜಿಯ ಎರಡು ಕೈಯಲ್ಲೂ ಒದ್ದೆ ಚಿಂದಿ. ಅವನು ಒಗೆಯುತ್ತಿಲ್ಲ, ಬಣ್ಣ ನೋಡುತ್ತಿದ್ದೇನೆ ಎಂದು ಏನೋ ತೊದಲಿ, ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟನ್ನೂ ಅಂಗಿಯೊಳಗೆ ತುರುಕಿಕೊಂಡ. ಅಕ್ಕ ಮತ್ತೆ ನೋಡುವಾಗ ದರ್ಜಿಗೆ ಹೊಟ್ಟೆ ಬಂದಿತ್ತು, ಹೊಟ್ಟೆಯಿಂದ ನೀರು ಇಳಿದು ಪ್ಯಾಂಟಿನ ಅಂಚಿನಲ್ಲಿ ತೊಟ್ಟಿಕ್ಕುತ್ತಿತ್ತು.

ಹೀಗೇಕೆ ಬೆವರುತ್ತಿದ್ದೀಯ ಎಂದು ಅವಳು ಕೇಳಿದಳು. ದರ್ಜಿಗೆ ಬೇರೇನೂ ತೋಚಲಿಲ್ಲ. ಜ್ವರ ಎಂದುಬಿಟ್ಟ. ಅವಳ ಮುಖ ಗೋಡೆಯಿಂದ ಮಾಯವಾಯಿತು. ಅಂದರೆ ವಾರ್ತೆ ಶುರುವಾಯಿತು ಎಂದರ್ಥ.

ಜ್ವರ ಎಂದ ಮೇಲೆ ಮಲಗಲೇಬೇಕು. ಮಲಗುವುದಾದರೆ ಒದ್ದೆಯ ಮೇಲೇ ಏಕಾಗಬಾರದು? ಈ ಉಪಾಯ ಹೊಳೆದದ್ದೇ ತಡ, ದರ್ಜಿ ಮಂಚ ಎಳೆದು ತಂದು ಒದ್ದೆಯ ಮೇಲಿಟ್ಟು, ಹೊದಿಕೆಯನ್ನು ನಾಲ್ಕೂ ಕಡೆ ನೆಲಕ್ಕೆ ಮುಟ್ಟುವಂತೆ ಇಳಿಬಿಟ್ಟು ಮಲಗಿದ. ಅಜ್ಜಿ ಬರುತ್ತಾರೆ, ಹುಷಾರಿಲ್ಲದವನನ್ನು ಕಂಡು ಮರುಗುತ್ತಾರೆ, ನೀರು ಮಂಜೂರು ಮಾಡಿ ಹೋಗುತ್ತಾರೆ. ತನ್ನ ಬುದ್ಧಿಗೆ ತಾನೇ ಬೆರಗಾಗಿ ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಮಂಚದ ಸುತ್ತ ಬೀದಿಯೇ ನೆರೆದಿತ್ತು. ಆ ಸಾಲುಮನೆಗಳಲ್ಲಿ ಹಿತ್ತಲಿಗೆ ಬೇರೆ ದಾರಿಯಿಲ್ಲ. ಬೀದಿ ಬಾಗಿಲು, ನಡುಮನೆ, ಅಡುಗೆಮನೆ ದಾಟಿಯೇ ಬರಬೇಕು. ಎಲ್ಲರೂ ಹಾಗೇ ದಾಟಿ ಬಂದಿದ್ದರು. ಅಡಿಪಾಯ ಅಗೆಯಲು ಹಾರೆ ತಂದಿದ್ದ ಗಾರೆ ಮೇಸ್ತ್ರಿಯೂ ಇದ್ದ. ಆಸ್ಪತ್ರೆಯ ಕಾಂಪೌಂಡರ್ ಹೊದಿಕೆಯೊಳಗೆ ಕೈ ಹಾಕಿ ದರ್ಜಿಯ ಹೊಟ್ಟೆ ಮುಟ್ಟಿದ. ಚಿಂದಿ ಇನ್ನೂ ಅಲ್ಲೇ ಇತ್ತು.

"ತಣ್ಣಗಿದೆ, ಊದಿಕೊಂಡಿದೆ," ಎಂದ ಕಾಂಪೌಂಡರ್ ಗಂಭೀರವಾಗಿ. "ಜ್ವರ ಒಳಗೆ ಕೂತಿದೆ. ಚೆನ್ನಾಗಿ ನೀರು ಕುಡಿಸಬೇಕು."

ಮೊದಲು ರೇಡಿಯೋ ಅಕ್ಕ ತನ್ನ ಮನೆಗೆ ಹೋಗಿ ಕೊಡದಿಂದ ಒಂದು ಲೋಟ ನೀರು ತಂದಳು. ಅವಳನ್ನು ನೋಡಿ ಎದುರು ಮನೆಯವಳು ಹೋದಳು, ಅವಳ ಹಿಂದೆ ಕಟ್ಟಿಗೆ ಡಿಪೋದವನು, ಅವನ ಹಿಂದೆ ಸೈಕಲ್ ಅಂಗಡಿಯವನು. ಒಬ್ಬೊಬ್ಬರೂ ಲೋಟವನ್ನು ಎಣ್ಣೆ ತುಂಬಿದ ದೀಪದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಒಂದು ತೊಟ್ಟೂ ತುಳುಕದಂತೆ ತಂದರು. ರಾತ್ರಿಯ ಅಡುಗೆಗೆ ಎತ್ತಿಟ್ಟ ನೀರು ಅದು, ಮಗುವಿನ ಮುಖ ತೊಳೆಯಲು ಉಳಿಸಿದ ನೀರು. ದರ್ಜಿಗೆ ಅದೆಲ್ಲ ಗೊತ್ತಿತ್ತು. ಬೆಳಗ್ಗೆಯಿಂದ ತಾನು ಮನಸ್ಸಿನಲ್ಲೇ ಬೈಯುತ್ತಿದ್ದ ಅಕ್ಕನೇ ತನ್ನ ತಲೆ ಎತ್ತಿ ಹಿಡಿದು ಕುಡಿಸುವಾಗ ನಾಚಿಕೆಯಿಂದ ಕಣ್ಣು ಒದ್ದೆಯಾಯಿತು. ಅದನ್ನು ಕಂಡು ಜನ, ನೋಡಿ, ಜ್ವರ ಕಣ್ಣಿಗೇರಿದೆ ಎಂದು ಇನ್ನೊಂದು ಲೋಟ ಕುಡಿಸಿದರು.

ಬೇಡ ಎಂದರೆ ಕೇಳುವವರಿಲ್ಲ. ಕುಡಿಯದೆ ಬಿಟ್ಟರೆ ಪೋಲು. ದರ್ಜಿ ಕುಡಿದ, ಕುಡಿದ, ಮತ್ತೂ ಕುಡಿದ. ಬದುಕಿನಲ್ಲಿ ಒಂದೇ ಹೊತ್ತಿಗೆ ಅಷ್ಟು ನೀರು ಅವನೊಳಗೆ ಇಳಿದದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಆ ನೀರು ತನ್ನ ಮುಂದಿನ ಪ್ರಯಾಣದ ವಿಚಾರ ಎತ್ತಿತು. ಪಾಯಿಖಾನೆ ನಾಲ್ಕು ಹೆಜ್ಜೆಯ ಆಚೆ ಮೂಲೆಯಲ್ಲೇ ಇತ್ತು. ಆದರೆ ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ದರ್ಜಿ ಕಾಲಿನ ಮೇಲೆ ಕಾಲು ಹಾಕಿ ಮಲಗಿದ.

ಅಷ್ಟರಲ್ಲಿ ಅಜ್ಜಿ ಬಂದರು. ಜನ ದಾರಿ ಬಿಟ್ಟರು. ಅವರು ದರ್ಜಿಯ ಹಣೆ ಮುಟ್ಟಲಿಲ್ಲ, ನಾಡಿ ನೋಡಲಿಲ್ಲ. ಬಂದವರೇ ಮಂಚದ ಕೆಳಗೆ ನೋಡಿದರು. ಹೊದಿಕೆಯ ಅಂಚು ಕಪ್ಪಗೆ ತೊಯ್ದಿತ್ತು, ಅದರಡಿಯಿಂದ ಸಣ್ಣ ಹಾವಿನ ಮರಿಯಂತೆ ನೀರಿನ ಎಳೆಯೊಂದು ಹೊರಗೆ ಹರಿಯುತ್ತಿತ್ತು.

"ಇದೇನೋ ಇದು?" ಎಂದರು ಅಜ್ಜಿ.

ಉತ್ತರ ಕೊಟ್ಟವಳು ರೇಡಿಯೋ ಅಕ್ಕ, ಅದೂ ಮೊದಲ ಸಲ ಪಿಸುದನಿಯಲ್ಲಿ. "ಪಾಪ, ಅಷ್ಟೊಂದು ಕುಡಿಸಿಬಿಟ್ವಲ್ಲ ಅಜ್ಜಿ. ತಡ್ಕೊಳ್ಳೋಕೆ ಆಗಿಲ್ಲ."

ಜನರೆಲ್ಲ ಮರ್ಯಾದೆಗೆ ಆಕಾಶ ನೋಡಿದರು. ದರ್ಜಿಯ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದರ್ಜಿ ಎರಡನ್ನೂ ತೂಗಿ ನೋಡಿದ. ಅಲ್ಲ ಎಂದರೆ ಕೋಣೆ ಹೋಗುತ್ತದೆ. ಹೌದು ಎಂದರೆ ಮಾನ ಹೋಗುತ್ತದೆ. ಮಾನ ಒಂದೆರಡು ವರ್ಷದಲ್ಲಿ ತಾನಾಗಿ ಮರಳಿ ಬರಬಹುದು, ಕೋಣೆ ಹಾಗಲ್ಲ. ಕಿಟಕಿಯಿಂದ ಬೀಳಬೇಕಾದ ಬೆಳಕನ್ನು ನೆನೆದು ಅವನು ಗಟ್ಟಿ ಮನಸ್ಸು ಮಾಡಿದ.

"ಹೌದಜ್ಜಿ," ಎಂದ. "ತಡ್ಕೊಳ್ಳೋಕೆ ಆಗಲಿಲ್ಲ."

ಹಾಗೆ ಹೇಳಿ ಮುಗಿಸಿದನೋ ಇಲ್ಲವೋ, ಮಂಚದ ತಲೆಯ ಕಡೆಯ ಒಂದು ಕಾಲು ಗುಳುಕ್ಕೆಂದು ನೆಲದೊಳಗೆ ಇಳಿಯಿತು. ದರ್ಜಿ ಜಾರಿ ಕೆಸರಿಗೆ ಬಿದ್ದ. ಅಂಗಿಯ ಗುಂಡಿ ಕಿತ್ತು ಚಿಂದಿಯೆಲ್ಲ ಹೊರಬಂತು. ಮಂಚದ ಕಾಲು ಇಳಿದ ತೂತಿನಿಂದ ನೀರು ಗುಳುಗುಳು ಎಂದು ಎದ್ದು, ಸುಣ್ಣದ ಗೆರೆ ದಾಟಿ, ನಿಂತವರ ಕಾಲನ್ನೆಲ್ಲ ತೋಯಿಸಿತು.

ಇಷ್ಟು ಹೊತ್ತು ತುಟಿ ಬಿಚ್ಚದಿದ್ದ ಗಾರೆ ಮೇಸ್ತ್ರಿ ಆ ನೀರನ್ನೂ ದರ್ಜಿಯನ್ನೂ ಒಂದೊಂದು ಸಲ ನೋಡಿದ. "ಇಷ್ಟೊಂದಾ?" ಎಂದ.

ಅಜ್ಜಿ ಮೊಣಕಾಲೂರಿ ಕುಳಿತು, ಬೆರಳು ಅದ್ದಿ, ಯಾರಾದರೂ ತಡೆಯುವ ಮುಂಚೆಯೇ ನಾಲಿಗೆಗೆ ಮುಟ್ಟಿಸಿಕೊಂಡರು. ಇಡೀ ಹಿತ್ತಲು ಒಟ್ಟಿಗೆ ಹೌಹಾರಿತು. ಎದುರು ಮನೆಯವಳು ಬಾಯಿಗೆ ಕೈ ಇಟ್ಟುಕೊಂಡಳು. ಅಜ್ಜಿ ಕಣ್ಣು ಮುಚ್ಚಿ ಚಪ್ಪರಿಸಿದರು.

"ಸಿಹಿಯಾಗಿದೆ," ಎಂದರು.

"ಹಾಗಾದ್ರೆ ಸಕ್ಕರೆ ಕಾಯಿಲೆ," ಎಂದ ಕಾಂಪೌಂಡರ್.

ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೇಸ್ತ್ರಿಗೆ ಕಣ್ಸನ್ನೆ ಮಾಡಿದರು. ಅವನು ಮಂಚ ಸರಿಸಿ, ಆ ತೂತಿಗೆ ಹಾರೆ ಹಾಕಿ ಒಂದು ಬಂಡೆಯ ಚಕ್ಕೆ ಮೀಟಿದ. ನೀರು ಮೊದಲು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ಬರುತ್ತಲೇ ಇತ್ತು. ಗೋಡೆಯಾಚೆ ಕಾಣುವ ಗುಡ್ಡವನ್ನು ಅಜ್ಜಿ ದಿಟ್ಟಿಸಿ ನೋಡಿದರು. ಹೋದ ತಿಂಗಳು ಬಿದ್ದ ಒಂದೇ ಒಂದು ಒಳ್ಳೆಯ ಮಳೆಗೆ ಅಲ್ಲಿನ ಗುಂಡಿಗಳೆಲ್ಲ ತುಂಬಿ, ಎಲ್ಲರೂ ನೋಡುತ್ತಿದ್ದಂತೆ ಬರಿದಾಗಿದ್ದವು. ನೀರು ಗುಡ್ಡದ ಹೊಟ್ಟೆಯಲ್ಲಿ ದಾರಿ ಹುಡುಕಿಕೊಂಡು ಈಗ ಬಂದು ಮುಟ್ಟಿತ್ತು. ಅಜ್ಜಿಯ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ.

"ವಿಳಾಸ ಕೇಳಿದ್ದೆಯಲ್ಲೋ ಮಗಾ," ಎಂದರು ಕೆಸರಿನಲ್ಲಿ ಕುಳಿತಿದ್ದ ದರ್ಜಿಗೆ. "ಬರ್ಕೋ. ನಿನ್ನ ಮನೆ ಹಿತ್ತಲು."

ಆಮೇಲಿನದನ್ನು ಹೇಳಲು ರೇಡಿಯೋ ಅಕ್ಕನಿಗೂ ಬಾಯಿ ಸಾಲದು. ಕಟ್ಟಿಗೆ ಡಿಪೋದ ಗಂಭೀರ ಮನುಷ್ಯ ಬೊಗಸೆಯಲ್ಲಿ ನೀರೆತ್ತಿ ತನ್ನ ತಲೆಯ ಮೇಲೇ ಸುರಿದುಕೊಂಡ. ಯಾರೂ ಅವನನ್ನು ಬೈಯಲಿಲ್ಲ. ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು, ಒದ್ದೆಯಾಗಲೆಂದೇ ನೀರಿನಲ್ಲಿ ನಡೆದಾಡಿದರು. ದರ್ಜಿಯ ಹೆಂಡತಿ ಗಂಡನ ಮುಖದ ಕೆಸರನ್ನು ತೊಳೆದಳು. ಮದುವೆಯಾದ ಮೇಲೆ ಮೊದಲ ಸಲ, ಎರಡು ಚೊಂಬು ನೀರು ಹಾಕಿ ತೊಳೆದಳು. ಗುಡ್ಡದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಗುಂಡಿ ತೋಡಿದವನು ತಾನೇ ಎಂಬುದು ಅವನಿಗೆ ನೆನಪಾಯಿತು. ಆ ಗುಂಡಿಯ ನೀರೇ ನೆಟ್ಟಗೆ ತನ್ನ ಹಿತ್ತಲಿಗೆ ಬಂದದ್ದು ಎಂದು ಅವನು ಎಲ್ಲರಿಗೂ ಹೇಳಿದ. ಯಾರೂ ಅಲ್ಲ ಎನ್ನಲಿಲ್ಲ. ಅವನ ಎದೆ ಉಬ್ಬಿ, ಕಳೆದುಹೋದ ಮಾನವೂ ಮರಳಿ ಬಂದಂತಾಯಿತು.

ಖುಷಿಯ ಭರದಲ್ಲಿ ಅವನು ಹೊಟ್ಟೆಯೊಳಗಿನ ನೀರನ್ನೂ ಮರೆತು ಕೋಣೆಯ ವಿಚಾರ ಎತ್ತಿದ. ಗಾರೆ ಕಲಸಲು ನೀರು?

"ಮಂಜೂರು," ಎಂದರು ಅಜ್ಜಿ. "ಎಷ್ಟು ಬೇಕಾದ್ರೂ ತಗೋ."

ದರ್ಜಿ ಸುಣ್ಣದ ಗೆರೆ ಇದ್ದ ಕಡೆ ನೋಡಿದ. ಗೆರೆ ಇರಲಿಲ್ಲ. ಮೇಸ್ತ್ರಿ ಅಲ್ಲಿ ಗೂಟಗಳನ್ನು ಕಿತ್ತು ಒಂದು ಕಡೆ ರಾಶಿ ಹಾಕಿ, ಕೋಣೆಗೆಂದು ತಂದಿದ್ದ ಕಲ್ಲುಗಳನ್ನು ನೀರಿನ ಸುತ್ತ ಜೋಡಿಸುತ್ತಿದ್ದ. ಅಳತೆ ಸರಿಯಾಗಿ ಕೂರುತ್ತದೆ, ಕಲ್ಲು ಒಂದೂ ವ್ಯರ್ಥವಾಗುವುದಿಲ್ಲ ಎಂದು ಅವನು ದರ್ಜಿಗೆ ಸಮಾಧಾನ ಹೇಳಿದ.

ಸಂಜೆಯ ಹೊತ್ತಿಗೆ ಊರಿನ ಕೊಡಗಳೆಲ್ಲ ದರ್ಜಿಯ ಮನೆಯತ್ತ ಹೊರಟವು. ಸಾಲು ಹಿತ್ತಲಿನಿಂದ ಶುರುವಾಗಿ, ಅಡುಗೆಮನೆ, ನಡುಮನೆ ತುಂಬಿ, ಬೀದಿ ಬಾಗಿಲು ದಾಟಿ, ನಾಲ್ಕು ಮನೆ ಆಚೆಗೆ ಹೋಗಿ ನಿಂತಿತು. ಸಾಲಿಗೆ ಅಡ್ಡವಾಗುತ್ತದೆ ಎಂದು ಹೊಲಿಗೆ ಮೆಷಿನನ್ನು ನಾಲ್ಕು ಜನ ಎತ್ತಿ ಬೀದಿಗೆ ತಂದಿಟ್ಟರು. ಅಡುಗೆಮನೆಯಿಂದ ಮೆಷಿನ್ ಹೋಗಬೇಕೆಂಬ ಹೆಂಡತಿಯ ಆಸೆ ಕೊನೆಗೂ ಈಡೇರಿತು. ಹೊಸ ನೀರು ದರ್ಜಿಯ ಮನೆಯಲ್ಲಿದೆ, ಆದ್ದರಿಂದ ಇನ್ನು ಮುಂದೆ ಅದನ್ನು ಕಾಯುವವನು ಅವನೇ ಎಂದು ಅಜ್ಜಿ ಸಾರಿದರು. ಸಂಘದ ನಿಯಮ ಎಲ್ಲರಿಗೂ ಗೊತ್ತಿದ್ದರಿಂದ ಮುಂದಿನದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ದರ್ಜಿ ತನ್ನ ಮನೆಯಿಂದ ನಾಲ್ಕು ಮನೆ ಆಚೆ, ಸಾಲಿನ ಕಟ್ಟಕಡೆಯಲ್ಲಿ, ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದ. ಬಾಗಿಲಲ್ಲಿ ನುಸುಳಲು ಎರಡು ಸಲ ನೋಡಿದ್ದ. ಎರಡು ಸಲವೂ ರೇಡಿಯೋ ಅಕ್ಕ, ಮನೆ ನಿನ್ನದೇ ಆದರೂ ಪಾಳಿ ಪಾಳಿಯೇ ಎಂದು ನಗುನಗುತ್ತಲೇ ಹಿಂದಕ್ಕೆ ಕಳಿಸಿದ್ದಳು. ಅಷ್ಟರಲ್ಲಿ ಸೈಕಲ್ ಅಂಗಡಿಯವನು ತುಂಬಿದ ಕೊಡ ಹೆಗಲ ಮೇಲಿಟ್ಟುಕೊಂಡು ಸೀಟಿ ಹಾಕುತ್ತ ಬಂದವನು ಅವನೆದುರು ನಿಂತ. ಈ ಕ್ಷಣಕ್ಕಾಗಿ ಅವನು ಬಹಳ ಕಾಲದಿಂದ ಕಾದಿದ್ದ.

"ಏನಪ್ಪ ಧಣಿ, ಇನ್ನೂ ಪಾಳಿ ಬಂದಿಲ್ವಾ?"

"ನನಗೆ ನೀರು ಬೇಡ ಮಾರಾಯ," ಎಂದ ದರ್ಜಿ ಹಲ್ಲು ಕಚ್ಚಿಕೊಂಡು. "ಊರವರೆಲ್ಲ ಕುಡಿಸಿದ್ದು ಇನ್ನೂ ಒಳಗೇ ಇದೆ. ಪಾಯಿಖಾನೆವರೆಗೆ ಬಿಟ್ಟರೆ ಸಾಕು."